ಬಡಗಿ ನಿಧಾನ್ ಸಿಂಗ್ ಬಿಡಲೊಲ್ಲದ ಗ್ರಂಥ

ದಾಂಡೇಲಿಯಲ್ಲಿ ನಿಧಾನ್ ಸಿಂಗನ ಹೆಸರು ಕೇಳಿ ನಗದವರಿಲ್ಲ. ಲಾರಿಗಳಿಗೆ ಮರದ ಬಾಡಿ ಕಟ್ಟುವ ಈ ಮುದುಕ ಬಡಗಿ ಒಂದು ಹಲಗೆಗೆ ಉಳಿ ಹಚ್ಚುವ ಮೊದಲು ಅದನ್ನು ಹತ್ತು ಸಲ ತಿರುವಿ ನೋಡುತ್ತಿದ್ದ. ಹೆಸರಿಗೆ ತಕ್ಕ ಕೆಲಸ ಎಂದು ಡ್ರೈವರುಗಳು ಕಾಡಿಸುತ್ತಿದ್ದರು. ಬೇರೆಯವರಿಂದ ಅವಸರದಲ್ಲಿ ಕಟ್ಟಿಸಿದ ಬಾಡಿ ಅನಮೋಡ ಘಾಟಿನಲ್ಲಿ ಬಿಚ್ಚಿಕೊಂಡ ಮೇಲೆ ಕಾಡಿಸಿದವರೇ ಅವನ ಬಾಗಿಲಿಗೆ ಬರುತ್ತಿದ್ದರು.

ದೇಶ ಎರಡಾದಾಗ ಆಚೆಯ ಊರು ಬಿಟ್ಟು ಬಂದವನವನು. ತಲೆಯ ಮೇಲೆ ಹೊತ್ತು ತಂದದ್ದು ಊರಿನ ಗುರುದ್ವಾರದ ಗ್ರಂಥವೊಂದನ್ನೇ. ಸಿಖ್ಖರಿಗೆ ಅದು ಬರಿಯ ಪುಸ್ತಕವಲ್ಲ, ಸಾಕ್ಷಾತ್ ಗುರು. ಬೆಳಿಗ್ಗೆ ಎಬ್ಬಿಸಿ ತೆರೆಯುತ್ತಾರೆ, ರಾತ್ರಿ ಬಟ್ಟೆ ಹೊದಿಸಿ ಮಲಗಿಸುತ್ತಾರೆ. ಕಾಡಿನ ಮರದ ನಾಟಾ ಸಾಗಿಸುವ ಲಾರಿಗಳ ಸಿಖ್ಖರು ಸೇರಿ ಇಲ್ಲಿ ಹಲಗೆ ಗೋಡೆ, ಹುಲ್ಲಿನ ಚಾವಣಿಯ ಗುರುದ್ವಾರ ಕಟ್ಟಿದಾಗ ಆ ಸೇವೆ ಅವನ ಪಾಲಿಗೆ ಬಂತು. ಹೆಂಡತಿ ದಾರಿಯಲ್ಲೇ ತೀರಿಕೊಂಡಳೆಂಬುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅರವತ್ತಮೂರರ ಬೇಸಿಗೆ. ಮಟಮಟ ಮಧ್ಯಾಹ್ನ ಕಾಡಿನ ಕಡೆಯಿಂದ ಹಾರಿಬಂದ ಕಿಡಿ ಆ ಹುಲ್ಲಿಗೆ ಬಿತ್ತು. ಮಂದಿ ಕೊಡ ಹಿಡಿದು ಓಡಿ ಬರುವಷ್ಟರಲ್ಲಿ ಗೋಡೆಗಳೇ ಉರಿಯುತ್ತಿದ್ದವು. ಮುದುಕ ಒಳಗೆ ನುಗ್ಗಿ ಗ್ರಂಥವನ್ನು ಎದೆಗವಚಿಕೊಂಡು ಹೊರಬಂದ. ಅಂಗೈ ಬೆಂದಿತ್ತು, ಗ್ರಂಥದ ಅರ್ಧ ಹಾಳೆಗಳು ಕರಕಲಾಗಿದ್ದವು.

ಸಿಖ್ಖರು ಅಳುತ್ತ ಕೂಡುವ ಮಂದಿಯಲ್ಲ. ಸಂಜೆಯೊಳಗೆ ಲಾರಿಯ ತಾಡಪತ್ರಿ ಬಿಗಿದು ಡೇರೆ ಹಾಕಿ ಒಲೆ ಹೂಡಿದರು. ಬಂದವರಿಗೆಲ್ಲ ಉಣಬಡಿಸುವ ಲಂಗರ್ ಒಂದು ಹೊತ್ತೂ ತಪ್ಪಬಾರದು. ಹಿಟ್ಟು ಸುಟ್ಟುಹೋಗಿತ್ತು, ಕಾಗದದ ಕಾರ್ಖಾನೆಯ ಕೂಲಿಗಳ ಲೈನುಮನೆಯಿಂದ ಹೊಳೆವ್ವ ಎಂಬಾಕೆ ಬುಟ್ಟಿ ತುಂಬ ಜೋಳದ ರೊಟ್ಟಿ ತಂದಿಟ್ಟಳು. ಲಾರಿ ಮಾಲಕ ಮೆಹರ್ ಸಿಂಗ್ ಪುಣೆಗೆ ಹೋಗಿ ಹೊಸ ಗ್ರಂಥವನ್ನೂ ತಂದ.

ಸುಟ್ಟ ಗ್ರಂಥಕ್ಕೆ ಮನುಷ್ಯರಿಗೆ ಮಾಡುವಂತೆಯೇ ಚಿತೆ ಮಾಡಿ, ಬೂದಿಯನ್ನು ಹೊಳೆಗೆ ಬಿಡಬೇಕು. ಅದು ಅವರ ಪದ್ಧತಿ. ನಿಧಾನ್ ಸಿಂಗ್ ಕೊಡಲೊಲ್ಲ. ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಹಿರಿಯರು ತಿಳಿಹೇಳಿದರು, ಮೆಹರ್ ಸಿಂಗ್ ಗದರಿದ, ಕೊನೆಗೆ ಕಾಲಿಗೂ ಬಿದ್ದ. ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು.

ಹೊಳೆವ್ವನ ಗಂಡ ಅಡಿವೆಯ್ಯ ಜಂಗಮರವ. ಸರದಾರರ ಗುರು ತೀರಿಕೊಂಡಿದ್ದಾರೆ, ಅಂತ್ಯಕ್ರಿಯೆ ನಿಂತಿದೆ ಎಂಬಷ್ಟೇ ಅವನ ಕಿವಿಗೆ ಬಿದ್ದಿತ್ತು. ಕುಣಿ ತೋಡುವವರಿಲ್ಲವೇನೋ ಎಂದುಕೊಂಡ ಪುಣ್ಯಾತ್ಮ ಒಂದು ಬೆಳಿಗ್ಗೆ ಸಲಿಕೆ ತಂದು, ಡೇರೆಯ ಪಕ್ಕದಲ್ಲೇ ಆಳವಾದ ಕುಣಿ ತೋಡಿ, ವಿಭೂತಿ, ಬಿಲ್ವಪತ್ರೆ ಇಟ್ಟುಕೊಂಡು ನಿಂತ. ಡ್ರೈವರುಗಳು ಸಿಟ್ಟಿನಿಂದ ಸುತ್ತುವರಿದರು. ಗಲಾಟೆ ಕೇಳಿ ನಿಧಾನ್ ಸಿಂಗ್ ಹೊರಬಂದ.

"ಅಯ್ಯನೋರ, ಇದೇನ ಮಾಡೀರಿ?"

"ಕುಣಿ ತೋಡೇನ್ರಿ ಅಜ್ಜಾರ. ಗುರು ಲಿಂಗೈಕ್ಯ ಆದಮ್ಯಾಲ ಹಿಂಗ ಇಟ್ಕೊಂಡ ಕುಂಡರಬಾರದ್ರಿ. ನಮ್ಮಾಗ ಮಣ್ಣ ಮಾಡ್ತೇವ್ರಿ."

ಮುದುಕ ಕುಣಿಯನ್ನೇ ನೋಡಿದ. ಅದರ ಅಂಚಿಗೆ ಕೂತ.

"ನನ್ನ ಹೆಂಡ್ತೀನ ಹಿಂಗ ಮಣ್ಣಾಗ ಹಾಕಿ ಬಂದೇನ್ರಿ. ಕಾಲುವಿ ದಂಡ್ಯಾಗ, ಕೈಲೆ ಉಸುಕ ತೋಡಿ. ನಾ ಬಡಗಿ, ಆಕಿಗೆ ನಾಕ ಕಟಿಗಿ ಹೊಂದಸಲಿಲ್ಲ. ಕೊಲ್ಲಾಕ ಮಂದಿ ಬೆನ್ನ ಹತ್ತಿದ್ರು. ಆಕೀನ ಅಲ್ಲೇ ಬಿಟ್ಟು ಇದನ್ನ ಹೊತ್ಕೊಂಡು ಬಂದೆ. ಆಕಿಗೆ ಕೊಡದ ಬೆಂಕಿ ಇದಕ್ಕ ಹೆಂಗ ಕೊಡ್ಲಿ?"

ಇಷ್ಟು ವರ್ಷ ಈ ಮುದುಕನನ್ನು ಕಾಡಿಸಿದ್ದಕ್ಕೆ ಡ್ರೈವರುಗಳಿಗೆ ಮೈಯೆಲ್ಲ ನಾಚಿಕೆಯಾಯಿತು.

ಅಡಿವೆಯ್ಯ ಸಲಿಕೆ ಕೆಳಗಿಟ್ಟ. "ಅಜ್ಜಾರ, ನಮ್ಮಪ್ಪಗ ನಾ ಮಣ್ಣ ಕೊಟ್ಟೇನಿ, ನಮ್ಮವ್ವಗೂ ಕೊಟ್ಟೇನಿ. ಅದಕ್ಕಿಂತ ದೊಡ್ಡ ಮರ್ಯಾದಿ ನಮಗ ಗೊತ್ತಿಲ್ರಿ. ಗಂಡನ ಕೈಲೆ ಮಣ್ಣ ಕಂಡಾಕಿ ದಿಕ್ಕಿಲ್ಲದಾಕಿ ಅಲ್ರಿ."

ನಿಧಾನ್ ಸಿಂಗ್ ಬಹಳ ಹೊತ್ತು ಅತ್ತ. ಆಮೇಲೆ ಎದ್ದು, ಗ್ರಂಥವನ್ನು ತಾನಾಗಿಯೇ ಹಿರಿಯರ ಕೈಗಿತ್ತ. ಕಾಳಿ ಹೊಳೆಯ ದಂಡೆಯಲ್ಲಿ ಸಾಗುವಾನಿ ತುಂಡುಗಳನ್ನು ಅವನೇ ಹೊಂದಿಸಿದ, ಬೆಂಕಿಯನ್ನೂ ಅವನೇ ಇಟ್ಟ. ಬೂದಿ ನೀರಿಗೆ ಬಿಟ್ಟು ಬಂದು, ಡೇರೆಯಲ್ಲಿ ಹೊಸ ಗ್ರಂಥವನ್ನು ತೆರೆದು ಓದಿದ.

ಸಂಜೆ ಅಡಿವೆಯ್ಯ ಕುಣಿ ಮುಚ್ಚಲು ಸಲಿಕೆ ಎತ್ತಿದಾಗ ಮುದುಕ ತಡೆದ. ಮೊಣಕಾಲೂರಿ, ಬೆಂದ ಅಂಗೈಯಿಂದಲೇ ಮಣ್ಣು ನೂಕುತ್ತ, "ಅತರ್ ಕೌರ್" ಎಂದ.

"ಯಾರ್ರಿ ಅಜ್ಜಾರ?" ಎಂದಳು ಗಂಡನ ಹಿಂದೆ ನಿಂತಿದ್ದ ಹೊಳೆವ್ವ.

"ನಮ್ಮ ಮನಿಯಾಕಿ."

ಹೊಳೆವ್ವ ಸೆರಗು ತಲೆಗೆಳೆದುಕೊಂಡು ಮುಂದೆ ಬಂದು ಒಂದು ಹಿಡಿ ಮಣ್ಣು ಹಾಕಿದಳು. ಮೆಹರ್ ಸಿಂಗನೂ ಹಾಕಿದ. ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ ಬಗ್ಗಿದರು.