ಅತ್ತೆಯ ಕಪ್ಪಿಗೆ ಬೇಕಿದ್ದ ಒಂದು ಗುಡಿಸು

ಹೋದ ಬೇಸಿಗೆಯಲ್ಲಿ ಚಾಮರಾಜಪೇಟೆಯ ಪುಟ್ಟ ನಾಟಕ ಮ್ಯೂಸಿಯಂ ಒಂದಕ್ಕೆ ಸುಮ್ಮನೆ ಹೊಕ್ಕಿದ್ದೆ. ಒಳಗೆ ಫ್ಯಾನ್ ಇದ್ದೀತು ಎಂಬುದಷ್ಟೇ ಆಸೆ. ಗಾಜಿನ ಪೆಟ್ಟಿಗೆಯಲ್ಲಿ ಎರಡು ಹಿಡಿಯ ಕಪ್ಪೊಂದು ಕಂಡಿತು. ಮೈಮೇಲೆ ‘ಜೀವಮಾನದ ಶ್ರೇಷ್ಠ ಹಾಸ್ಯನಟ’ ಎಂದು ಕೆತ್ತಿತ್ತು. ಕೆಳಗಿನ ಚೀಟಿಯಲ್ಲಿ ‘ಕಲಾವಿದನ ಹೆಸರು ತಿಳಿದುಬಂದಿಲ್ಲ’ ಎಂದಿತ್ತು. ನನಗೆ ಚೆನ್ನಾಗಿ ತಿಳಿದಿತ್ತು. ಅದು ನನ್ನ ಸೋದರತ್ತೆಯದು.

ಅತ್ತೆ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಜನರನ್ನು ನಗಿಸಿದವಳು. ಅವಳು ಸೇರುವವರೆಗೆ ಅಲ್ಲಿ ಹೆಂಗಸರಿಗೆ ಅಳುವ ಪಾತ್ರ ಮಾತ್ರ; ನಗಿಸುವ ಹೆಂಗಸಿನ ಪಾತ್ರಕ್ಕೆ ಗಂಡಸೇ ಸೀರೆ ಉಡುತ್ತಿದ್ದ. ಆ ಸೀರೆಯನ್ನು ಅವನಿಂದ ಕಿತ್ತುಕೊಂಡವಳು ಅತ್ತೆ. ನಿವೃತ್ತಿಯಾದಾಗ ಕಂಪನಿ ಕೊಟ್ಟ ಕಪ್ಪಿನ ಮೇಲೆ ಕೆತ್ತುವವನು ಅಭ್ಯಾಸಬಲದಿಂದ ‘ನಟ’ ಎಂದೇ ಕೆತ್ತಿದ್ದ. ಅತ್ತೆ ಸಿಟ್ಟಿನಿಂದ ಅದನ್ನು ಕಂಪನಿಯ ಆಫೀಸಿನಲ್ಲೇ ಬಿಟ್ಟು ಬಂದಿದ್ದಳು. ಕಂಪನಿ ಮುಚ್ಚಿದ ಮೇಲೆ ಸಾಮಾನೆಲ್ಲ ಮ್ಯೂಸಿಯಂ ಸೇರಿತ್ತು.

ಎನ್.ಆರ್. ಕಾಲೋನಿಯ ಮನೆಗೆ ಬಂದು ವಿಷಯ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದಳು.

“ಜೀವನವಿಡೀ ಮನೆ ಗುಡಿಸಿದೀನಿ ಕಣೇ. ಆ ‘ಟ’ಗೆ ಒಂದು ಗುಡಿಸು ಕೊಡೋಕಾಗ್ಲಿಲ್ವಾ ಇವರಿಗೆ? ನಡಿ, ಆಟೋ ಕರಿ.”

ಮ್ಯೂಸಿಯಂ ನೋಡಿಕೊಳ್ಳುವ ಹುಡುಗಿ ವಿನಯದಿಂದಲೇ ಕೇಳಿದಳು: “ನಿಮ್ದೇ ಅನ್ನೋಕೆ ಏನಾದ್ರೂ ಪ್ರೂಫ್ ಇದ್ಯಾ ಅಮ್ಮಾ?”

ಅತ್ತೆ ಸೆರಗು ಸಿಕ್ಕಿಸಿ, ಅಲ್ಲೇ ಮದುವೆಮನೆಯ ಕಿವುಡಿ ಅಡುಗೆಯವಳಾದಳು. ಬೀಗರ ದನಿಯಲ್ಲಿ ತಾನೇ “ಹೆಣ್ಣು ರೆಡಿನಾ?” ಎಂದು ಕೇಳಿ, ಕಿವಿಗೆ ಕೈ ಹಿಡಿದು ತಾನೇ ಉತ್ತರಿಸಿದಳು: “ಎಣ್ಣೇನಾ? ಕಾದು ಹೊಗೆ ಬರ್ತಿದೆ, ಬೇಗ ಹಾಕ್ಬಿಡಿ!”

ಹುಡುಗಿ ನಕ್ಕು ನಕ್ಕು ಮೇಜು ಹಿಡಿದುಕೊಂಡಳು. “ಆದ್ರೆ ಇದನ್ನ ರಿಜಿಸ್ಟರಲ್ಲಿ ಹೇಗೆ ಬರೀಲಿ ಅಮ್ಮಾ?”

“ಹಾಗಾದ್ರೆ ಎಡಗಡೆ ಹಿಡಿ ಒಳಗೆ ನೋಡು. ಸನ್ಮಾನದ ದಿನವೇ ಕಿತ್ಕೊಂಡು ಬಂತು. ನನ್ನ ಹೇರ್‌ಪಿನ್ ಸಿಕ್ಕಿಸಿ ಕೂರಿಸಿದೀನಿ.”

ಹುಡುಗಿ ಗ್ಲೌಸ್ ಹಾಕಿಕೊಂಡು ಕಪ್ಪನ್ನು ಬಗ್ಗಿಸಿದಳು. ತುಕ್ಕು ಹಿಡಿದ ಪಿನ್ ಇತ್ತು.

“ಆಗ ಸ್ತ್ರೀಪಾತ್ರದ ಗಂಡಸ್ರೂ ಪಿನ್ ಹಾಕ್ತಿದ್ರಲ್ವಾ ಮೇಡಂ?” ಎಂದ ವಾಚ್‌ಮನ್. ಅತ್ತೆ ನೋಡಿದ ನೋಟಕ್ಕೆ ಅವನು ಕಿಟಕಿ ಒರೆಸತೊಡಗಿದ.

“ಪಿನ್ ಯಾರದ್ದಾದ್ರೂ ಆಗ್ಲಿ, ಅಲ್ಲಿದೆ ಅಂತ ಗೊತ್ತಿದ್ದಿದ್ದು ಇವರೊಬ್ಬರಿಗೇ,” ಎಂದು ಹುಡುಗಿ ರಿಜಿಸ್ಟರ್ ತೆರೆದಳು.

ಹದಿನೈದು ದಿನದ ಮೇಲೆ ಮತ್ತೆ ಹೋದೆವು. ಕಪ್ಪಿನ ಕೆತ್ತನೆಯನ್ನು ತಿದ್ದಲು ನಿಯಮವಿಲ್ಲವಂತೆ. ಆದರೆ ಹೊಸ ಚೀಟಿಯಲ್ಲಿ ಅತ್ತೆಯ ಹೆಸರು, ಅದರ ಮುಂದೆ ‘ಹಾಸ್ಯನಟಿ’. ಅತ್ತೆ ಗಾಜಿನ ಮುಂದೆ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನಿಂತಳು.

“ಅಳ್ತಿದೀಯಾ ಅತ್ತೆ?”

“ಇಲ್ವೇ, ಕನ್ನಡಕ ತಂದಿಲ್ಲ. ಓದು.”

ಓದಿದೆ. ಇನ್ನೊಂದು ಸಲ ಎಂದಳು. ಮೂರನೆಯ ಸಲಕ್ಕೆ ವಾಚ್‌ಮನ್ನೇ ಬಂದು ಓದಿದ, ನನಗಿಂತ ಜೋರಾಗಿ.