ತಿನ್ನಿಸಿದ ಕೈ

ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮೂರು ಹೊತ್ತೂ ನಾನೇ ತಿನ್ನಿಸುತ್ತಿದ್ದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗುವಷ್ಟು ಸಣ್ಣ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಚಿನಕುರಳಿಯಲ್ಲಿ ನಮ್ಮ ಬೀದಿಯವರೆಲ್ಲ, "ಸೊಸೆ ಅಂದ್ರೆ ಇಂಗಿರ್ಬೇಕು" ಅನ್ನುತ್ತಿದ್ದರು. ಸುಳ್ಳೇಕೆ, ಆ ಮಾತು ನನಗೆ ಬಲು ರುಚಿಯಾಗಿತ್ತು.

ಆ ಚಳಿಗಾಲ ಮೈಸೂರಿನ ಆಸ್ಪತ್ರೆಯೊಂದರಿಂದ ವಾರಕ್ಕೊಮ್ಮೆ ಒಬ್ಬ ಹುಡುಗಿ ಬರತೊಡಗಿದಳು. ಆಕ್ಯುಪೇಷನಲ್ ಥೆರಪಿ ಅಂದಳು. ನಮಗೆ ಥೆರಪಿ ಅಂದರೆ ಎಣ್ಣೆ ತಿಕ್ಕುವುದು, ಕರೆಂಟು ಕೊಡುವುದು. ಇವಳು ಎರಡೂ ಮಾಡಲಿಲ್ಲ. ಮೊರದ ತುಂಬ ಅವರೇಕಾಯಿ ತರಿಸಿ ಅತ್ತೆಯ ಮುಂದಿಟ್ಟು, "ಅಜ್ಜಿ, ಆ ಕೈಲೇ ಸುಲೀರಿ" ಅಂದಳು. ಅರ್ಧ ಗಂಟೆಗೆ ನಾಲ್ಕು ಕಾಯಿ. ಅತ್ತೆ ಬೆವರಿಹೋದರು, ಆದರೂ ಐದನೆಯದಕ್ಕೆ ಕೈ ಹಾಕಿದರು. ಹೋಗುವಾಗ ಹುಡುಗಿ, "ಅಕ್ಕ, ನೀವು ತಿನ್ನಿಸಬೇಡಿ. ಚೆಲ್ಲಿಕೊಂಡರೂ ಅವರೇ ತಿನ್ನಲಿ" ಅಂದಳು. ಇವಳಿಗೆ ಹೆತ್ತವರಿಲ್ಲವೇ ಅನ್ನಿಸಿತು. ತಿನ್ನಿಸುವುದನ್ನು ನಾನು ಬಿಡಲಿಲ್ಲ.

ಮೂರನೇ ವಾರ ಎದುರುಮನೆಯವಳು ಬಾಗಿಲಲ್ಲಿ ಇಣುಕಿ, "ಲಕ್ವ ಒಡ್ದಿರೋ ಮುದ್ಕಿ ಕೈಲೂ ಕೆಲ್ಸ ತೆಗೀತಾವ್ಳಲ್ಲ ಈ ಸೊಸೆ" ಅಂದುಬಿಟ್ಟಳು. ನನ್ನ ಮೈ ಉರಿದುಹೋಯಿತು. ಮರುವಾರ ಹುಡುಗಿಯನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಇನ್ನು ಬರುವುದು ಬೇಡ ಅಂದೆ. ಒಳಗಿನಿಂದ ಅತ್ತೆ, "ಆ ಉಡುಗಿ ಬಂದ್ಲಾ?" ಎಂದು ಕೇಳಿದರು. ಇಲ್ಲ ಅಂದೆ.

ಎಂಟು ತಿಂಗಳಾದ ಮೇಲೆ ಅಂಗವಿಕಲರ ಸರ್ಟಿಫಿಕೇಟಿಗೆಂದು ಅವರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಆ ಕೈ ಮುಷ್ಟಿ ಕಟ್ಟಿತ್ತು. ಸ್ನಾನ ಮಾಡಿಸುವಾಗ ಒಂದೊಂದೇ ಬೆರಳು ಬಿಡಿಸಿ ತೊಳೆಯಬೇಕಿತ್ತು. ಡಾಕ್ಟರಮ್ಮ ಹಿಡಿದು ನೋಡಿ, ಈ ಕೈಯಿಂದ ಯಾರೂ ಏನೂ ಮಾಡಿಸಲಿಲ್ಲವೇ ಎಂದು ಕೇಳಿದರು. ಅವರೇಕಾಯಿಯ ಕತೆ ಹೇಳಿದೆ. "ಅದೇ ಚಿಕಿತ್ಸೆ ಕಣಮ್ಮ. ದಿನಾ ಮಾಡ್ತಿದ್ದ ಕೆಲಸ ಕೊಟ್ಟೇ ಕೈನ ವಾಪಸ್ ತರೋದು" ಅಂದು ಫಾರಂ ತುಂಬತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಅವರೇಕಾಯಿ ಬಂದಾಗ ಮೊರ ಇಟ್ಟುಕೊಂಡು ಅತ್ತೆಯ ಪಕ್ಕ ಕೂತೆ. ಅವರು ಎಡಗೈಯಲ್ಲಿ ಒಂದು ಕಾಯಿ ತೆಗೆದು ಬಲಗೈಯ ಮುಷ್ಟಿಯೊಳಕ್ಕೆ ತುರುಕಲು ನೋಡಿದರು. ಮುಷ್ಟಿ ಬಿಚ್ಚಲಿಲ್ಲ. ಕಾಯಿ ಮಡಿಲಿಗೆ ಬಿತ್ತು.

"ಆ ಉಡುಗೀನ ನಾನೇ ಬರಬ್ಯಾಡ ಅಂದ್ಬುಟ್ಟೆ ಅತ್ತೆ" ಅಂದೆ.

"ಗೊತ್ತು ಕಣವ್ವ. ಆವತ್ತೇ ಕೇಳುಸ್ತು."

ಮಧ್ಯಾಹ್ನ ಮುದ್ದೆ ಮುರಿದು ತುತ್ತು ಹಿಡಿದೆ. ಎಂದಿನಂತೆ ಬಾಯಿ ತೆರೆದರು.