ಬೀಗರೂಟದ ವಿಡಿಯೋ ಯಾರು ನೋಡಬಹುದು?

“ಭಾವ, ನಮ್ಮಪ್ಪನ್ನ ನೋಡಕ್ಕೆ ನಂಗ್ಯಾಕೆ ಪರ್ಮಿಷನ್ ಇಲ್ಲ?”

ಕಳೆದ ಭಾನುವಾರ ಸೊರಬದಿಂದ ತಮ್ಮನ ಹೆಂಡತಿ ಸುಮಾ ಫೋನಿನಲ್ಲಿ ಕೇಳಿದ ಪ್ರಶ್ನೆ. ಅವಳಪ್ಪ ತೀರಿಕೊಂಡು ಮೂರು ತಿಂಗಳು.

ಶಿಕಾರಿಪುರದ ನಮ್ಮ ಮನೆಯಲ್ಲಿ ಹಳೇ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಮನೆಯ ವಿಡಿಯೋಗಳನ್ನೆಲ್ಲ ತುಂಬಿದ್ದೇನೆ. ನೆಂಟರು ತಮ್ಮ ತಮ್ಮ ಪಾಸ್‌ವರ್ಡ್ ಹಾಕಿ ಅವರವರ ಟಿವಿಯಲ್ಲಿ ನೋಡಬಹುದು. ಯಾರು ಏನು ನೋಡಬಹುದು ಅಂತ ಟಿಕ್ ಹಾಕುವವನು ನಾನು. (ಮನೆಯಲ್ಲಿ ನನ್ನ ಮಾತು ನಡೆಯುವ ಏಕೈಕ ಇಲಾಖೆ.)

“ನಿಮ್ಮ ಮದುವೆದು ಕಾಣ್ತೈತಲ್ಲ?” ಎಂದೆ.

“ಅದ್ರಲ್ಲಿ ಅಪ್ಪ ತುಟಿ ಬಿಚ್ಚಿಲ್ಲ. ಮೇಲಿಂದ ವಾಲಗ ಬೇರೆ. ಬೀಗರೂಟಕ್ಕೂ ವಿಡಿಯೋದವ್ರು ಬಂದಿದ್ರಲ್ಲ, ಅದೆಲ್ಲಿ? ಅಪ್ಪನ ದನಿ ಇನ್ನೆಲ್ಲೂ ಉಳಿದಿಲ್ಲ ಭಾವ.”

ಇತ್ತು. ‘ನಾನು ಮಾತ್ರ’ ಅಂತ ಟಿಕ್ ಹಾಕಿಟ್ಟಿದ್ದೆ. ಕುಪ್ಪಗಡ್ಡೆಯ ಅವಳ ತವರಲ್ಲಿ ನಡೆದ ಆ ಊಟದಲ್ಲಿ ನಮ್ಮ ಸೋದರಮಾವನ ಎಲೆಗೆ ಹೋಳಿಗೆ ತಡವಾಗಿ ಬಂತು. ಮಾತು ಬೆಳೆಯಿತು. ಸುಮಾಳ ಅಪ್ಪ ಕೂಗಾಡಿದರು, ನಾನು ಸಮಾಧಾನ ಮಾಡಿದೆ. ಹದಿನಾಲ್ಕು ವರ್ಷದಿಂದ ನನಗೆ ನೆನಪಿರುವುದು ಹೀಗೆ. ಎಷ್ಟೋ ಮದುವೆಮನೆಗಳಲ್ಲಿ ಹೇಳಿಯೂ ಇದ್ದೇನೆ. ಸುಮಾಳಿಗೇಕೆ ಬೇಜಾರು ಅಂತ ಮುಚ್ಚಿಟ್ಟೆ.

“ಅದ್ರಾಗೆ ನಿಮ್ಮಪ್ಪ ಸ್ವಲ್ಪ ಸಿಟ್ಟಾಗ್ಯಾರಮ್ಮ.”

“ಸಿಟ್ಟಿನ ದನಿಯಾದ್ರೂ ಆಯ್ತು, ಕೊಡಿ.”

ಟಿಕ್ ಬದಲಿಸಿದೆ. ಆಮೇಲೆ ನಾನೂ ನೋಡಿದೆ. (ತುಂಬುವಾಗ ನೋಡಿರಲಿಲ್ಲ. ಗೊತ್ತಿರುವುದನ್ನು ಯಾರು ನೋಡ್ತಾರೆ?)

ಎಲೆ ಬಿಟ್ಟು ಎದ್ದು ನಿಂತು ಕೂಗಾಡುತ್ತಿದ್ದವನಿಗೆ ನನ್ನದೇ ಮೀಸೆ. ಸೋದರಮಾವ ಪಕ್ಕದಲ್ಲಿ ಆರಾಮಾಗಿ ಕೋಸಂಬರಿ ತಿನ್ನುತ್ತಿದ್ದಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಸುಮಾಳ ಅಪ್ಪ ಹೆಗಲ ಟವೆಲ್ ಕೈಗೆ ತಗೊಂಡು ನನ್ನೆದುರು ಬಗ್ಗಿ ನಿಂತಿದ್ದಾರೆ. “ತಪ್ಪಾತು ಕಣ್ರೀ. ಕೂತ್ಕಳಿ. ಉಣ್ತಾ ಉಣ್ತಾ ಏಳಬಾರ್ದು.”

ಸಂಜೆ ನಾನೇ ಫೋನ್ ಮಾಡಿದೆ.

“ನಾಲ್ಕು ಸಲ ನೋಡಿದೆ ಭಾವ. ‘ಕೂತ್ಕಳಿ’ ಅನ್ನೋದು ಥೇಟ್ ಅಪ್ಪಂದೇ.” ಮತ್ತೆ ಅವಳೇ, “ನಿಮ್ಮ ದನೀನೂ ಚೆನ್ನಾಗಿ ಕೇಳ್ಸುತ್ತೆ.”

ತಪ್ಪಾಯ್ತು ಎಂದೆ. ಅವಳಪ್ಪ ಹೇಳಿದಷ್ಟು ಚೆಂದವಾಗಿ ಬರಲಿಲ್ಲ.

“ಮಗಳೂ ತಾತನ್ನ ಕೇಳ್ತಾಳೆ. ಅವಳಿಗೂ ಪರ್ಮಿಷನ್ ಕೊಡ್ತೀರಾ? ನಿಮ್ಮಿಷ್ಟ.”

ಆ ಹುಡುಗಿಯ ಪಾಲಿಗೆ ನಾನು ಸಿಟ್ಟೇ ಬರದ ದೊಡ್ಡಪ್ಪ. ಎರಡು ದಿನ ತಡೆದು ಟಿಕ್ ಹಾಕಿದೆ. ನಿನ್ನೆ ಅವಳದೇ ಫೋನು.

“ದೊಡ್ಡಪ್ಪ, ತಾತ ಅಷ್ಟು ಕೇಳ್ಕೊಂಡ್ರಲ್ಲ, ನೀವು ಕೂತ್ರಾ?”

ವಿಡಿಯೋ ಅಲ್ಲಿಗೇ ನಿಲ್ಲುತ್ತದೆ. ಕೂತೆ ಅಂತ ನನಗೆ ಚೆನ್ನಾಗಿ ನೆನಪಿದೆ. ಆದರೆ ಅದನ್ನು ಇನ್ನು ಯಾರು ನಂಬಬೇಕು ಹೇಳಿ?